ಅರಿಶಿನ ಹತ್ತಿದ ಕಾಗದ

ಮೊರದ ತುಂಬ ಶೇಂಗಾ ಹಾಕಿಕೊಂಡು ಬಿತ್ತನೆಗೆ ಕಾಳು ಬಿಡಿಸುತ್ತಿದ್ದೆ. ತಿನ್ನುವ ಕಾಳಾದರೆ ಹೇಗೆ ಒಡೆದರೂ ನಡೆಯುತ್ತದೆ. ಬಿತ್ತನೆಯದಕ್ಕೆ ಮೇಲಿನ ಕೆಂಪು ಸಿಪ್ಪೆ ಒಂದಿಷ್ಟು ತರಚಿದರೂ ಮೊಳಕೆ ಬರುವುದಿಲ್ಲ. ಹೆಬ್ಬೆರಳಲ್ಲಿ ಕಾಯಿಯ ಮೂಗು ಒತ್ತಿ, ಪಟ್ ಅನ್ನಿಸಿ, ಕಾಳಿಗೆ ನೋವಾಗದ ಹಾಗೆ ತೆಗೆಯಬೇಕು. ಮಿಷನ್ನಿಗೆ ಹಾಕಿದರೆ ಅರ್ಧಕ್ಕರ್ಧ ಹೋಳಾಗುತ್ತದೆಂದು ಮಗ ಪ್ರತಿವರ್ಷ ಚೀಲವನ್ನು ನನ್ನ ಮುಂದೆಯೇ ತಂದಿಡುತ್ತಾನೆ. ನನಗೂ ಅದು ಇಷ್ಟದ ಕೆಲಸ. ಅವಸರವಿಲ್ಲ.

ಡಬ್ಬಿ ಅರ್ಧ ತುಂಬಿತ್ತು. ಸೊಸೆ ಒಳಗಿನಿಂದ ಫೋನು ತಂದಳು. "ಅತ್ತೆ, ಹೊನ್ನಾಳಿಯಿಂದ ಗಂಗೋತ್ರಿ."

ಗಂಗೋತ್ರಿ ನನ್ನ ಗೆಳತಿ ಅಂತರಘಟ್ಟಮ್ಮನ ಮಗಳು. ಅಂತರಘಟ್ಟಮ್ಮ ಮತ್ತು ನಾನು ಒಂದೇ ವರ್ಷ ಈ ಸೊಕ್ಕೆಗೆ ಸೊಸೆಯರಾಗಿ ಬಂದವರು. ಅವಳ ತವರು ಸೂಳೆಕೆರೆ ಏರಿಯ ಕೆಳಗಿನ ಊರು. ನೀರು ಕಂಡವಳು ಈ ಒಣ ನೆಲಕ್ಕೆ ಬಂದು ಮೊದಲ ಬೇಸಿಗೆಯಲ್ಲಿ ಅತ್ತಾಗ ಸಮಾಧಾನ ಹೇಳಿದವಳು ನಾನು. ಗಂಡ ತೀರಿದ ಮೇಲೆ, ಹತ್ತು ವರ್ಷದಿಂದ, ಹೊನ್ನಾಳಿಯಲ್ಲಿ ಮಗಳ ಜೊತೆ ಇದ್ದಾಳೆ.

"ದೊಡ್ಡವ್ವಾ, ಸಣ್ಣತಿಮ್ಮಪ್ಪ ಮಾವಂಗೆ ಲಕ್ವ ಹೊಡದೈತೆ," ಅಂದಳು ಗಂಗೋತ್ರಿ. ಸಣ್ಣತಿಮ್ಮಪ್ಪ ಅಂದರೆ ಅಂತರಘಟ್ಟಮ್ಮನ ತಮ್ಮ. "ಎಡಗೈ, ಎಡಗಾಲು ಎರಡೂ ಆಡಲ್ಲ. ನ್ಯಾಮತಿಯಾಗೆ ಮಗಳ ಮನ್ಯಾಗೆ ಮಲಗ್ಯಾನೆ. ಮಾತು ತೊದಲ್ತೈತೆ, ಆದ್ರೂ ಅಕ್ಕ ಅಕ್ಕ ಅಂತಾನಂತೆ. ಇಲ್ಲಿಂದ ಅರ್ಧ ತಾಸಿನ ದಾರಿ. ಅಮ್ಮ ಬರಾಕೆ ಒಲ್ಲೆ ಅಂತ ಗೋಡೆ ಕಡೆ ಮುಖ ಮಾಡ್ಕಂಡು ಕುಂತೈತೆ. ನೀವಾದ್ರೂ ಒಂದು ಮಾತು ಹೇಳ್ರಿ. ನಿಮ್ಮ ಮಾತು ಕೇಳ್ತಾಳೆ."

ನಾನು ಬಾಯಿ ತೆರೆಯುವ ಮುಂಚೆಯೇ ಆ ಕಡೆಯಿಂದ ಅಂತರಘಟ್ಟಮ್ಮನ ದನಿ ಬಂತು. ಅವಳಿಗೆ ಕಿವಿ ದೂರ. ಅದಕ್ಕೇ ಫೋನಿನ ಸ್ಪೀಕರ್ ಹಾಕಿರುತ್ತಾರೆ, ಅವಳು ಕೂಗಿಯೇ ಮಾತಾಡುತ್ತಾಳೆ.

"ಯಾರು, ಭೀಮೀನಾ? ಏ ಭೀಮೀ, ನನ್ನ ಮಗಳಿಗೆ ನೀನೇ ಹೇಳೆ! ಅವ್ವ ಸಾಯಾಕೆ ಬಿದ್ದಾಳೆ ಅಂತ ಒಂದು ಮಾತು ತಿಳಿಸ್ಲಿಲ್ಲ ಅವನು. ಮಣ್ಣಿಗಿಟ್ಟ ಮ್ಯಾಲೆ ಹೇಳಿಕಳಿಸ್ದ. ಕೇಳಿದ್ರೆ ಕಾಗದ ಬರ್ದಿದ್ದೆ ಅಂತಾನೆ. ಆ ಕಾಗದ ಓದಿದೋಳು ನೀನು. ಏನಿತ್ತೆ ಅದ್ರಾಗೆ? ಹೇಳು, ಇವಳೂ ಕೇಳ್ಲಿ!"

ಕೈಯಲ್ಲಿದ್ದ ಕಾಯಿ ಪುಡಿಯಾಯಿತು.

"ಹೂಂ," ಅಂದೆ.

"ಏನು ಹೂಂ? ಬಾಯಿ ಬಿಟ್ಟು ಹೇಳು!"

"ಎಲ್ಲಾರೂ ಕ್ಷೇಮ ಅಂತಿತ್ತು."

"ಕೇಳಿದ್ಯೇನೇ?" ಅಂದಳು ಮಗಳಿಗೆ. "ನನ್ನ ಭೀಮಿ ಸುಳ್ಳು ಹೇಳ್ತಾಳಾ?"

ಫೋನು ಕಟ್ಟಾಯಿತು. ಸೊಸೆ ನನ್ನ ಮುಖ ನೋಡಿ, "ಯಾಕತ್ತೆ, ಬೆವರ್ತಾ ಇದ್ದೀರಿ?" ಅಂದಳು. ಬಿಸಿಲು ಅಂದೆ. ನಾನು ಕುಳಿತಿದ್ದದ್ದು ನೆರಳಿನಲ್ಲಿ.

ಕಾಗದದಲ್ಲಿ ಹಾಗೆ ಇರಲಿಲ್ಲ. ಇದನ್ನು ಬರೆಯುವಾಗಲೂ ನನ್ನ ಕಿವಿ ಬಿಸಿಯಾಗುತ್ತಿದೆ.

ಮೂವತ್ತು ವರ್ಷದ ಹಿಂದೆ ನಮ್ಮೂರಿನ ಶಾಲೆಯಲ್ಲಿ ದೊಡ್ಡವರಿಗೆ ಅಂತ ರಾತ್ರಿ ಶಾಲೆ ನಡೆಸಿದ್ದರು. ನನಗಾಗ ನಲವತ್ತು ದಾಟಿತ್ತು. ಇಪ್ಪತ್ತು ಹೆಂಗಸರು ಸೇರಿ ಕೊನೆಗೆ ಉಳಿದವರು ನಾಲ್ಕು ಜನ. ಅಂತರಘಟ್ಟಮ್ಮ ಎರಡೇ ದಿನ ಬಂದಳು. "ನೀನು ಕಲಿ ಸಾಕು, ನಿನ್ನ ಕಣ್ಣಾಗೇ ನಾನೂ ಓದ್ತೀನಿ" ಅಂದು ಸ್ಲೇಟು ನನಗೇ ಕೊಟ್ಟುಬಿಟ್ಟಳು. ನಾನು ಎಲ್ಲರಿಗಿಂತ ಮುಂಚೆ ಪುಸ್ತಕ ಮುಗಿಸಿದೆ. ಜಗಳೂರಿನಲ್ಲಿ ಸ್ಟೇಜಿನ ಮೇಲೆ ಕರೆದು ಸರ್ಟಿಫಿಕೇಟು ಕೊಟ್ಟು ಹಾರ ಹಾಕಿದರು. ಅಂದಿನಿಂದ ಕೇರಿಯ ಹೆಂಗಸರು ನನ್ನನ್ನು ಟೀಚರಮ್ಮ ಅನ್ನತೊಡಗಿದರು. ತಮಾಷೆಗೆ ಅನ್ನುತ್ತಿದ್ದರು, ನಾನು ಅದನ್ನು ನಿಜ ಅಂತಲೇ ಇಟ್ಟುಕೊಂಡೆ.

ನನಗೆ ಬರುತ್ತಿದ್ದದ್ದು ಅಚ್ಚಿನ ಅಕ್ಷರ. ಬಸ್ಸಿನ ಬೋರ್ಡು, ರೇಷನ್ ಕಾರ್ಡು, ಪಾಠದ ಪುಸ್ತಕ. ಕೈಬರಹ ಓದಲು ಬರುತ್ತಿರಲಿಲ್ಲ, ಅದೂ ಅವಸರದಲ್ಲಿ ಕೂಡಿಸಿ ಬರೆದದ್ದಂತೂ ಇಲ್ಲವೇ ಇಲ್ಲ.

ಆ ವರ್ಷ ಶೇಂಗಾ ಕಿತ್ತ ಹೊತ್ತು. ಏಳೆಂಟು ಹೆಂಗಸರು ಕಣದಲ್ಲಿ ಕೂತು ಕಾಯಿ ಬಿಡಿಸುತ್ತಿದ್ದೆವು. ಅಂತರಘಟ್ಟಮ್ಮ ಓಡಿಬಂದು ನನ್ನ ಮಡಿಲಿಗೆ ಒಂದು ಇನ್‌ಲ್ಯಾಂಡ್ ಕಾಗದ ಹಾಕಿದಳು. "ತವರಿಂದ ಬಂದೈತೆ, ಓದೇ ಟೀಚರಮ್ಮ." ಬಿಡಿಸಿ ನೋಡಿದರೆ ಅಕ್ಷರಗಳು ಒಂದರ ಕಾಲು ಒಂದು ಹಿಡಿದುಕೊಂಡು ಓಡುತ್ತಿದ್ದವು. ಆದರೆ ಮೇಲಿನ ಮೂಲೆಯಲ್ಲಿ ಹಳದಿ ಕಂಡಿತು. ಅರಿಶಿನ. ನಮ್ಮಲ್ಲಿ ಶುಭದ ಕಾಗದವಾದರೆ ಮೂಲೆಗೆ ಅರಿಶಿನ ಹಚ್ಚಿ ಕಳಿಸುತ್ತಾರೆ, ಓದಲು ಬಾರದವರೂ ಅದನ್ನು ನೋಡಿಯೇ ನಗುತ್ತಾರೆ. ಅಂತರಘಟ್ಟಮ್ಮನೂ ಆಗಲೇ ನಗುತ್ತಿದ್ದಳು. ಎಂಟು ಜೊತೆ ಕಣ್ಣು ನನ್ನ ಬಾಯನ್ನೇ ನೋಡುತ್ತಿದ್ದವು.

ಈ ಅಕ್ಷರ ನನಗೆ ಬರುವುದಿಲ್ಲ, ಮೇಷ್ಟ್ರ ಹತ್ತಿರ ಓದಿಸೋಣ ಅಂದಿದ್ದರೆ ಆಗುತ್ತಿತ್ತು. ಮೇಷ್ಟ್ರ ಮನೆ ಎರಡು ಓಣಿ ಆಚೆ. ನಾನು ಗಂಟಲು ಸರಿಮಾಡಿಕೊಂಡೆ. "ನಾವೆಲ್ಲಾರೂ ಇಲ್ಲಿ ಕ್ಷೇಮ. ಕೆರೆ ತುಂಬೈತೆ. ಭತ್ತ ಚೆನ್ನಾಗಿ ಬಂದೈತೆ. ಅವ್ವ ನಿನ್ನ ನೆನೆಸ್ಕಂತಾಳೆ. ಹಬ್ಬಕ್ಕೆ ಬಾ," ಅಂತ ಬೆರಳು ಸಾಲಿನ ಮೇಲೆ ಎಳೆಯುತ್ತಾ ಓದಿದೆ. ಒಂದು ಸಲ ತಡವರಿಸಿದ ಹಾಗೂ ಮಾಡಿದೆ, ನಿಜವಾಗಿ ಓದುತ್ತಿದ್ದಾಳೆ ಅನ್ನಿಸಲಿ ಅಂತ. ಅಂತರಘಟ್ಟಮ್ಮ ಖುಷಿಗೆ ಎಲ್ಲರಿಗೂ ಬೆಲ್ಲ ಹಂಚಿದಳು.

ಕಾಗದ ಬಂದ ಹನ್ನೆರಡನೇ ದಿನಕ್ಕೆ ಆಳು ಬಂದು ಅವಳ ಅವ್ವ ತೀರಿಕೊಂಡ ಸುದ್ದಿ ಹೇಳಿದ. ಮಣ್ಣು ಆಗಲೇ ಆಗಿತ್ತು.

ಅವಳು ತವರಿಗೆ ಹೋಗಿ ತಮ್ಮನ ಜೊತೆ ಜಗಳ ಮಾಡಿಕೊಂಡು ಬಂದಳು. ಅವನು ಕಾಗದ ಬರೆದಿದ್ದೆ ಅಂದನಂತೆ. ಮುಂದಿನ ವಾರ ಅವನೇ ಬಂದ. ಕಾಗದ ಚುಚ್ಚಿಡುವ ತಂತಿಯಲ್ಲಿ ಹುಡುಕಿದರು, ಸಿಗಲಿಲ್ಲ. ಹಿರಿಯರು ಕಟ್ಟೆಯ ಮೇಲೆ ಕೂತು ನನ್ನನ್ನು ಕರೆಸಿದರು. ನಾನು ಕ್ಷೇಮ ಅಂತಿತ್ತು ಅಂದೆ. ಸಣ್ಣತಿಮ್ಮಪ್ಪ ನನ್ನನ್ನು ಬೈಯಲಿಲ್ಲ. "ನಾನು ಬರ್ದಿದ್ದು ನಂಗೆ ಗೊತ್ತೈತೆ ಅಕ್ಕಾ," ಅಂದು ಎದ್ದು ಹೋದ. ಅಂದಿನಿಂದ ಅಕ್ಕ ತಮ್ಮ ಮುಖ ನೋಡಿಲ್ಲ. ಅವನು ಮಗಳ ಮದುವೆ, ಮನೆ ಒಕ್ಕಲು ಎಲ್ಲಕ್ಕೂ ಕರೆ ಕಳಿಸಿದ. ಇವಳು ಒಂದಕ್ಕೂ ಹೋಗಲಿಲ್ಲ.

ಇಷ್ಟನ್ನು ಹೋದ ವರ್ಷ ನಾನು ಒಂದು ಕಾಗದದಲ್ಲಿ ಬರೆದಿದ್ದೆ. ತಿಳಿಯದೆ ತಪ್ಪು ಓದಿದೆ, ಕ್ಷಮಿಸು, ತಮ್ಮನದು ತಪ್ಪಿಲ್ಲ ಅಂತ. ವಿಳಾಸವನ್ನೂ ಬರೆದು ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟೆ. ಕಳಿಸಲಿಲ್ಲ. ಇವತ್ತು ಬಸ್ಸಿಲ್ಲ, ನಾಳೆ ಅಮಾವಾಸ್ಯೆ, ಮೊಣಕಾಲು ನೋವು. ಹೀಗೇ ಒಂದು ವರ್ಷವಾಯಿತು.

ಆ ವರ್ಷದೊಳಗೇ ನನಗೆ ಬಿಪಿ ಬಂದದ್ದು. ನೂರಾ ಎಪ್ಪತ್ತೆಂಟು. ನಿದ್ದೆಯಿಲ್ಲ, ಎದೆ ಡವಡವ. ನಮ್ಮ ಆರೋಗ್ಯ ಕೇಂದ್ರಕ್ಕೆ ಹೊಸದಾಗಿ ಬಂದಿದ್ದ ಸಂಧ್ಯಾರಾಣಿ ಅನ್ನುವ ಚನ್ನಗಿರಿ ಕಡೆಯ ಹುಡುಗಿ ಗುಳಿಗೆ ಕೊಟ್ಟು, "ಅಜ್ಜಿ, ಸೋಮವಾರ ಬುಧವಾರ ಬೆಳಿಗ್ಗೆ ಬರ್ರಿ, ಧ್ಯಾನ ಹೇಳ್ಕೊಡ್ತೀನಿ. ಟೆನ್ಶನ್ ಇಳೀತೈತೆ," ಅಂದಳು. ಆ ಕೇಂದ್ರದ ಪಡಸಾಲೆಯಲ್ಲಿ ನಾವು ಒಂಬತ್ತು ಜನ ಬಿಪಿಯವರು, ಸಕ್ಕರೆಯವರು ಚಾಪೆ ಹಾಸಿ ಕೂರುತ್ತಿದ್ದೆವು.

"ಕಣ್ಣು ಮುಚ್ಚಿ ಕುಂತ್ಕಳ್ರಿ," ಅನ್ನುತ್ತಿದ್ದಳು. "ಉಸಿರು ಬರ್ತೈತೆ, ಹೋಗ್ತೈತೆ. ನೀವೇನೂ ಮಾಡಾಕೆ ಹೋಗ್ಬ್ಯಾಡ್ರಿ. ಸುಮ್ನೆ ನೋಡ್ರಿ."

ಮೊದಲ ದಿನವೇ ಪಾಲಣ್ಣ ಎದ್ದ. ಅವನು ಕುರಿ ಕಾಯುತ್ತಿದ್ದ ಮುದುಕ. "ಸಿಸ್ಟರಮ್ಮ, ಅರವತ್ತು ವರ್ಷದಿಂದ ಸುಮ್ನೆ ನೋಡೋದೇ ನನ್ನ ಕಸುಬು. ಹಂಗಾರೆ ನಂಗ್ಯಾಕೆ ಬಿಪಿ ಬಂತು?"

"ನೀವು ನೋಡಿದ್ದು ಕುರಿ ಅಜ್ಜ. ಅದೂ ಬೀಡಿ ಸೇದ್ಕಂತ."

"ಕುರೀನಾದ್ರೂ ಎಣಿಸ್ಬೋದು ತಾಯಿ. ಈ ಉಸಿರು ಒಂದೇ, ಹೊರಗೆ ಹೋಗಿ ಅದೇ ತಿರ್ಗಾ ಬರ್ತೈತೆ."

ಎಲ್ಲರೂ ನಕ್ಕೆವು. ಆಮೇಲೆ ಎಲ್ಲರಿಗಿಂತ ಮುಂಚೆ ಕಲಿತವಳು ನಾನೇ. ಬೆನ್ನು ನೆಟ್ಟಗೆ, ಅರ್ಧ ಗಂಟೆ ಅಲ್ಲಾಡದೆ ಕೂರುತ್ತಿದ್ದೆ. ನಾನೊಂದು ಉಪಾಯ ಕಂಡುಕೊಂಡಿದ್ದೆ. ಕಣ್ಣು ಮುಚ್ಚಿದ ಕೂಡಲೆ ಆ ಹಳದಿ ಮೂಲೆಯ ಕಾಗದ ಬರುತ್ತಿತ್ತು. ಬಂದ ತಕ್ಷಣ ಮೂಗಿನ ತುದಿಗೆ ಓಡುತ್ತಿದ್ದೆ. ಉಸಿರು, ಉಸಿರು, ಉಸಿರು. ಕಾಗದ ಮಾಯ. ಇದೇ ಧ್ಯಾನ ಅಂದುಕೊಂಡೆ. ನಿದ್ದೆ ಬಂತು. ಬಿಪಿ ನೂರಾ ನಲವತ್ತಕ್ಕೆ ಇಳಿಯಿತು. ಪೆಟ್ಟಿಗೆಯಲ್ಲಿದ್ದ ಕಾಗದ ವಾರಗಟ್ಟಲೆ ನೆನಪಾಗಲಿಲ್ಲ.

ಸಂಧ್ಯಾರಾಣಿಗೆ ಬಲು ಸಂತೋಷ. "ಗುರುವಾರ ಜಗಳೂರಿನಾಗೆ ಕ್ಯಾಂಪ್ ಐತೆ ಅಜ್ಜಿ. ನೀವು ಸ್ಟೇಜ್ ಮ್ಯಾಲೆ ಎರಡು ಮಾತಾಡ್ಬೇಕು. ಧ್ಯಾನದಿಂದ ನೆಮ್ಮದಿ ಹೆಂಗೆ ಸಿಕ್ತು ಅಂತ," ಅಂದಳು. ನಾನು ಒಪ್ಪಿಕೊಂಡೆ. ಯಾವ ಸೀರೆ ಉಡುವುದು ಅಂತಲೂ ಯೋಚನೆ ಮಾಡಿದ್ದೆ.

ಗಂಗೋತ್ರಿಯ ಫೋನು ಬಂದದ್ದು ಆ ವಾರದ ಮಂಗಳವಾರ. ಮಾರನೇ ದಿನ ಬೆಳಿಗ್ಗೆ ಧ್ಯಾನಕ್ಕೆ ಹೋಗಿ ಕೂತೆ. ಕಾಗದ ಬಂತು. ಮೂಗಿಗೆ ಓಡಿದೆ. ಕಾಗದ ಹೋಗಲಿಲ್ಲ. ಮತ್ತೆ ಓಡಿದೆ. ಮೂಗಿನ ತುದಿಯಲ್ಲೂ ಅದೇ ಕೂತಿತ್ತು. ಕಣ್ಣು ಬಿಟ್ಟು ಕೇಳಿದೆ, "ಸಿಸ್ಟರಮ್ಮ, ಬ್ಯಾಡದ ನೆನಪು ಬಂದ್ರೆ ಓಡ್ಸೋದು ಹೆಂಗೆ?"

"ಓಡ್ಸೋದಾ? ಯಾರು ಹೇಳಿದ್ರು ಓಡ್ಸಾಕೆ?" ಅವಳಿಗೆ ಆಶ್ಚರ್ಯವಾಯಿತು. "ಬಂದಿದ್ದನ್ನ ಬಂತು ಅಂತ ನೋಡ್ಬೇಕು ಅಜ್ಜಿ. ಅದು ಏನು ಅಂತ ಒಳಗೇ ಹೆಸರು ಹೇಳ್ಬೇಕು. ಸಿಟ್ಟಾದ್ರೆ ಸಿಟ್ಟು, ಭಯ ಆದ್ರೆ ಭಯ. ಇಷ್ಟು ದಿನ ನೀವು ಏನು ಮಾಡ್ತಿದ್ರಿ?"

ಪಾಲಣ್ಣ ಕಣ್ಣು ಮುಚ್ಚಿಕೊಂಡೇ ಅಂದ, "ಕ್ಲಾಸಿನಾಗೆ ಫಸ್ಟ್ ಬಂದೋಳ ನೋಟ್‌ಬುಕ್ಕು ಈಗ ತೆಗ್ದು ನೋಡ್ರಿ ಸಿಸ್ಟರಮ್ಮ."

ಅವನಿಗೆ ಏನೂ ಗೊತ್ತಿರಲಿಲ್ಲ, ಸುಮ್ಮನೆ ಕೀಟಲೆ. ನನಗೆ ಮಾತ್ರ ನೆಲದೊಳಗೆ ಇಳಿದುಹೋಗೋಣ ಅನ್ನಿಸಿತು. ಮತ್ತೆ ಕಣ್ಣು ಮುಚ್ಚಿದೆ. ಕಾಗದ ಬಂತು. ಭಯ ಅಂದೆ. ಅಲ್ಲ. ದುಃಖ ಅಂದೆ. ಅದೂ ಅಲ್ಲ. ತಪ್ಪು ಓದಿದೆ ಅಂದೆ. ಕಾಗದ ಅಲ್ಲಿಗೆ ನಿಲ್ಲದೆ ಮುಂದಕ್ಕೆ ಹೋಯಿತು. ತಂತಿ ಬಂತು. ಒಲೆ ಬಂತು.

ಇಷ್ಟು ಹೊತ್ತು ನಾನು ಹೇಳದೆ ಬಿಟ್ಟದ್ದು ಇದು. ಹೋದ ವರ್ಷದ ಕಾಗದದಲ್ಲೂ ಬರೆಯದೆ ಬಿಟ್ಟದ್ದು ಇದೇ.

ಅಂತರಘಟ್ಟಮ್ಮ ಅವ್ವನ ತಿಥಿಗೆಂದು ತವರಿಗೆ ಹೋದಾಗ ಎಮ್ಮೆಗೆ ನೀರು ಇಡಲು ಮನೆಯ ಬೀಗದಕೈ ನನಗೆ ಕೊಟ್ಟಿದ್ದಳು. ಕಾಗದ ತಂತಿಯಲ್ಲಿ ಹಾಗೇ ಇತ್ತು. ನಾನು ಬಾಗಿಲು ಹಾಕಿಕೊಂಡು ಕೂತು, ಒಂದೊಂದೇ ಅಕ್ಷರ ಬಿಡಿಸಿ, ಮಧ್ಯಾಹ್ನದಿಂದ ದನ ಬರುವ ಹೊತ್ತಿನವರೆಗೆ ಓದಿದೆ. ಮನಸ್ಸು ಮಾಡಿ ಕೂತರೆ ಓದಲು ಬರುತ್ತಿತ್ತು. ಅದೇ ಇನ್ನೂ ದೊಡ್ಡ ನಾಚಿಕೆ. 'ಅಕ್ಕಾ, ಅವ್ವನ ಕಾಲಿನ ಗಾಯ ಮಾಯುತ್ತಿಲ್ಲ. ದಿನಾ ಅರಿಶಿನ ಅರೆದು ಹಚ್ಚುತ್ತಿದ್ದೇನೆ. ಡಾಕ್ಟರು ಇನ್ನು ಆಸೆ ಇಲ್ಲ ಅಂದಿದ್ದಾರೆ. ನಿನ್ನನ್ನೇ ಕೇಳುತ್ತಾಳೆ. ಕಾಗದ ಕಂಡ ಕೂಡಲೆ ಹೊರಟು ಬಾ.' ಮೂಲೆಯಲ್ಲಿದ್ದದ್ದು ಗಾಯಕ್ಕೆ ಅರೆದ ಅರಿಶಿನದ ಕೈ ಹತ್ತಿದ ಗುರುತು.

ಆ ಕಾಗದವನ್ನು ಅವಳದೇ ಒಲೆಯಲ್ಲಿಟ್ಟು ಸುಟ್ಟೆ. ಬೂದಿಯನ್ನು ಕಡ್ಡಿಯಿಂದ ಕೆದಕಿದೆ. ಅವಳು ಬಂದು ತಂತಿ ಹುಡುಕಿದಾಗ ನಾನೂ ಜೊತೆಗೆ ನಿಂತು ಹುಡುಕಿದೆ. ಸಿಗದಾಗ ಅವಳು, "ಹೋಗ್ಲಿ ಬಿಡೇ, ಓದಿದೋಳು ನೀನಿದ್ದೀಯಲ್ಲ," ಅಂದಳು.

ಧ್ಯಾನ ಮುಗಿದ ಮೇಲೆ ಸಂಧ್ಯಾರಾಣಿ ತೋಳಿಗೆ ಪಟ್ಟಿ ಕಟ್ಟಿ ನೋಡಿದಳು. ನೂರಾ ಎಪ್ಪತ್ತು.

"ಅಯ್ಯೋ ಶಿವನೆ," ಅಂದ ಪಾಲಣ್ಣ. "ಕುಂತಲ್ಲೇ ಬಿಪಿ ಏರಿಸ್ಕಂಡ್ಳು! ಬ್ಯಾಡ ತಾಯಿ, ನಾನು ಕುರಿ ಹಿಂದೇನೇ ಹೋಗ್ತೀನಿ."

ಎಲ್ಲರೂ ಹೋಗುವವರೆಗೂ ಕಾದೆ. ತಾಳ್ಮೆ ನನಗೆ ಯಾವತ್ತೂ ಇದೆ, ಅದನ್ನು ನಾನು ಕೆಟ್ಟದ್ದಕ್ಕೇ ಹೆಚ್ಚು ಬಳಸಿದ್ದೇನೆ. ಆಮೇಲೆ ಸಂಧ್ಯಾರಾಣಿಗೆ ಹೇಳಿದೆ, "ನಾಳೆ ನಾನು ಸ್ಟೇಜ್ ಹತ್ತಲ್ಲಮ್ಮ."

"ಬಿಪಿ ಏರಿದ್ದಕ್ಕಾ? ಅದು ಇಳೀತೈತೆ ಅಜ್ಜಿ."

"ಅದಕ್ಕಲ್ಲ. ನಾನೊಬ್ಬರ ಮನೆ ಮುರ್ದೀನಿ. ಅವ್ರಿಗೆ ಗೊತ್ತಿಲ್ಲ. ಆ ತಪ್ಪನ್ನ ಮರೆಯಾಕೆ ನೀನು ಕಲ್ಸಿದ್ದನ್ನ ಬಳಸ್ಕಂಡಿದ್ದೆ."

ಅವಳು ಪಟ್ಟಿ ಸುತ್ತಿ ಡಬ್ಬಿಯಲ್ಲಿಟ್ಟಳು. "ನಂಗೆ ಮೂರು ದಿನದ ಟ್ರೈನಿಂಗ್ ಕೊಟ್ಟವ್ರೆ ಅಜ್ಜಿ," ಅಂದಳು. "ನೋಡ್ರಿ ಅಂತ ಹೇಳ್ಕೊಡೋದು ಕಲ್ತೀನಿ. ನೋಡಿದ ಮ್ಯಾಲೆ ಏನು ಮಾಡ್ಬೇಕು ಅಂತ ಅವ್ರು ಹೇಳಿಲ್ಲ." ಆಮೇಲೆ, "ನೀವು ಗುಳಿಗೆ ಮಾತ್ರ ಬಿಡ್ಬ್ಯಾಡ್ರಿ," ಅಂದಳು.

ಮನೆಗೆ ಬಂದು ಪೆಟ್ಟಿಗೆ ತೆರೆದೆ. ಹಳೆಯ ಕಾಗದ ಓದಿ ನೋಡಿದೆ. 'ತಿಳಿಯದೆ' ಅನ್ನುವ ಮಾತು ಆರು ಕಡೆ ಇತ್ತು. ಹರಿದು ಹಾಕಿದೆ. ಸೊಸೆಯ ಹತ್ತಿರ ಬಿಳಿ ಹಾಳೆ ಇಸಕೊಂಡು ಜಗಲಿಯ ಮೇಲೆ ಕೂತೆ.

ಫೋನಿನಲ್ಲಿ ಹೇಳೋಣ ಅಂದರೆ ನನ್ನ ಬಾಯಿ ನನಗೆ ಗೊತ್ತು. ಅವಳು 'ನನ್ನ ಭೀಮಿ' ಅಂದ ಕೂಡಲೆ ಹೂಂ ಅಂದುಬಿಡುತ್ತದೆ. ಎದುರಿಗೆ ಹೋದರೂ ಅಷ್ಟೆ. ಕಾಗದಕ್ಕೆ ಹೂಂ ಅನ್ನಲು ಬರುವುದಿಲ್ಲ. ಆದರೆ ಅವಳಿಗೆ ಓದಲು ಬಾರದು. ಗಂಗೋತ್ರಿ ಓದಬೇಕು, ಕಿವಿ ದೂರದವಳಿಗೆ ಕೂಗಿ ಓದಬೇಕು. ಅಳಿಯ ಕೇಳುತ್ತಾನೆ, ಮೊಮ್ಮಕ್ಕಳು ಕೇಳುತ್ತಾರೆ. ಹೊನ್ನಾಳಿಯ ಮನೆಗಳು ಗೋಡೆಗೆ ಗೋಡೆ ಹತ್ತಿಕೊಂಡಿವೆ, ಪಕ್ಕದವರೂ ಕೇಳುತ್ತಾರೆ. 'ಗಂಗೋತ್ರಿ, ಇದನ್ನು ಮೆಲ್ಲಗೆ ಓದಮ್ಮ' ಅಂತ ಮೇಲೆ ಬರೆದೆ. ಬರೆದು ಸ್ವಲ್ಪ ಹೊತ್ತು ನೋಡಿದೆ. ಮೆಲ್ಲಗೆ ಓದಿದರೆ ಅವಳಿಗೆ ಕೇಳಿಸುವುದಿಲ್ಲ. ಆ ಹಾಳೆಯನ್ನೂ ಹರಿದೆ.

ಮತ್ತೊಂದು ಹಾಳೆ ತೆಗೆದುಕೊಂಡು, ಯಾರು ಓದಿದರೂ ಎಡವದ ಹಾಗೆ, ಒಂದೊಂದು ಅಕ್ಷರವನ್ನೂ ಬಿಡಿಬಿಡಿಯಾಗಿ ದಪ್ಪಗೆ ಬರೆದೆ.

'ಅಂತರಘಟ್ಟಮ್ಮನಿಗೆ ಭೀಮಕ್ಕ ಬರೆಯುವುದು. ನಿನ್ನ ತಮ್ಮ ನಿನಗೆ ಕಾಗದ ಬರೆದಿದ್ದ. ಅವ್ವನಿಗೆ ಜೋರಾಗಿದೆ, ನಿನ್ನನ್ನೇ ಕೇಳುತ್ತಾಳೆ, ಕಂಡ ಕೂಡಲೆ ಬಾ ಅಂತ ಅದರಲ್ಲಿತ್ತು. ನನಗೆ ಓದಲು ಬರಲಿಲ್ಲ. ಬರುವುದಿಲ್ಲ ಅನ್ನಲು ನಾಚಿಕೆಯಾಗಿ ನಾನೇ ಕಟ್ಟಿ ಹೇಳಿದೆ. ನೀನು ತವರಿಗೆ ಹೋದಾಗ ನಿನ್ನ ಮನೆಯೊಳಗೆ ಕೂತು ಅದನ್ನು ಸರಿಯಾಗಿ ಓದಿದೆ. ಓದಿದ ಮೇಲೆ ನಿನ್ನ ಒಲೆಯಲ್ಲಿ ಸುಟ್ಟೆ. ಕಟ್ಟೆಯ ಮೇಲೆ ಹಿರಿಯರ ಮುಂದೆ ಹೇಳಿದ್ದು ಸುಳ್ಳು. ಮಂಗಳವಾರ ಫೋನಿನಲ್ಲಿ ಹೇಳಿದ್ದೂ ಸುಳ್ಳು. ಸಣ್ಣತಿಮ್ಮಪ್ಪ ಒಂದು ಸುಳ್ಳನ್ನೂ ಹೇಳಿಲ್ಲ. ಅವನು ಅಕ್ಕ ಅನ್ನುತ್ತಿದ್ದಾನಂತೆ. ನನ್ನ ಮೇಲಿನ ಸಿಟ್ಟನ್ನು ಆಮೇಲೆ ಮಾಡು. ಮೊದಲು ನ್ಯಾಮತಿಯ ಬಸ್ಸು ಹತ್ತು.'

ಕ್ಷಮಿಸು ಅಂತ ಬರೆಯಲು ಪೆನ್ನು ಎತ್ತಿದೆ. ಅದನ್ನು ಓದಿದ ಮೇಲೆ ಅವಳು ಏನಾದರೂ ಉತ್ತರ ಹೇಳಬೇಕಾಗುತ್ತದೆ, ಆ ಭಾರವನ್ನೂ ಅವಳ ಮೇಲೆ ಹಾಕಬೇಕೇ ಅನ್ನಿಸಿತು. ಬರೆಯಲಿಲ್ಲ. ಅದು ಸರಿಯೋ ಅಲ್ಲವೋ ಈಗಲೂ ಗೊತ್ತಿಲ್ಲ.

ಗುರುವಾರ ಮೊದಲ ಬಸ್ಸಿಗೆ ಜಗಳೂರಿಗೆ ಹೋದೆ. ಸೊಸೆ ಕ್ಯಾಂಪಿಗೆ ಅಂದುಕೊಂಡು ಒಳ್ಳೆಯ ಸೀರೆ ತೆಗೆದಿಟ್ಟಿದ್ದಳು. ನಾನು ದಿನದ ಸೀರೆಯಲ್ಲೇ ಹೊರಟೆ. ಬಸ್ಸಿನಲ್ಲಿ ಕಣ್ಣು ಮುಚ್ಚಿ ಕೂತೆ. ಉಸಿರು ಸಣ್ಣಗೆ, ಗಡಿಬಿಡಿಯಾಗಿ ಓಡಾಡುತ್ತಿತ್ತು. ಗಡಿಬಿಡಿ ಅಂದುಕೊಂಡೆ. ಅದರ ಪಕ್ಕದಲ್ಲೇ ಇನ್ನೊಂದು ಇತ್ತು. ನಾಚಿಕೆ ಅಂದೆ. ಹೆಸರು ಹೇಳಿದ್ದಕ್ಕೆ ಅದು ಹೋಗಲಿಲ್ಲ. ಜಗಳೂರಿನವರೆಗೂ ನನ್ನ ಪಕ್ಕದ ಸೀಟಿನಲ್ಲೇ ಬಂತು. ನಾನೂ ಎದ್ದು ಬೇರೆ ಕಡೆ ಕೂರಲಿಲ್ಲ.

ಅಂಚೆ ಕಚೇರಿ ಆಗ ತಾನೇ ಬಾಗಿಲು ತೆಗೆದಿತ್ತು. ಕಿಟಕಿಯಲ್ಲಿ ಕನ್ನಡಕದ ಹೆಂಗಸು.

"ಸಾದಾನಾ, ಸ್ಪೀಡ್ ಪೋಸ್ಟಾ?"

"ಬೇಗ ಹೋಗೋದು."

"ಹೊನ್ನಾಳಿಗಾ? ನಾಳೆ, ಇಲ್ಲಾಂದ್ರೆ ನಾಡಿದ್ದು ಮುಟ್ತೈತೆ." ಕವರಿನ ಆ ತುದಿ ಹಿಡಿದಳು. ಈ ತುದಿ ಇನ್ನೂ ನನ್ನ ಕೈಯಲ್ಲಿತ್ತು. "ಬಿಡ್ರಿ ಅಜ್ಜಿ."

ಬಿಟ್ಟೆ.

ತೂಕ ಮಾಡಿ, ಚೀಟಿ ಅಂಟಿಸಿ, ಹಿಂದಕ್ಕೆ ಎಸೆದಳು. ಒಬ್ಬ ಆಳು ಅದನ್ನು ಉಳಿದ ಕವರುಗಳ ಜೊತೆ ಚೀಲದೊಳಗೆ ಹಾಕುತ್ತಿದ್ದ. ಕೂಗಿದರೆ ಇನ್ನೂ ವಾಪಸ್ ಕೊಡುತ್ತಾರೆ. ವಿಳಾಸ ತಪ್ಪಾಗಿದೆ ಅಂದರೆ ಸಾಕು. ಆ ಸುಳ್ಳು ಕೂಡ ಆಗಲೇ ನಾಲಿಗೆಯ ಮೇಲೆ ಸಿದ್ಧವಾಗಿ ಬಂದು ಕೂತಿತ್ತು.

"ಇನ್ನೇನು ಬೇಕಿತ್ತು ಅಜ್ಜಿ?"

"ಏನಿಲ್ಲಮ್ಮ."

"ಮತ್ಯಾಕೆ ನಿಂತೀರಿ? ಹಿಂದೆ ಜನ ಅದಾರೆ."

ಪಕ್ಕಕ್ಕೆ ಸರಿದು ಗೋಡೆಗೆ ಒರಗಿ ನಿಂತೆ. ಆಳು ಚೀಲದ ಬಾಯಿ ಸೇರಿಸಿ ದಾರ ಸುತ್ತಿದ, ಮೇಲೆ ಇನ್ನೊಂದು ಗಂಟು ಹಾಕಿದ. ಹೊರಗೆ ಕೆಂಪು ಗಾಡಿ ಬಂದು ನಿಂತಿತ್ತು. ಚೀಲವನ್ನು ಹೆಗಲಿಗೆ ಹಾಕಿಕೊಂಡು ನನ್ನ ಮುಂದೆಯೇ ದಾಟಿ ಹೋಗಿ ಅದರೊಳಗೆ ಎತ್ತಿ ಹಾಕಿದ. ಗಾಡಿ ದಾವಣಗೆರೆ ರಸ್ತೆಗೆ ತಿರುಗಿತು.